ಲೈಸೆನ್ಸ್ ಕಂಟ್ರಾಕ್ಟರ್ ತಂದರೆ ನೋಟಿಸ್ ಯಾರಿಗೆ ಬರುತ್ತೆ?

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಕಡೆ ನಮ್ಮದೊಂದು 30–40 ಸೈಟ್ ಇದೆ. ಖಾತೆ ನನ್ನ ಮತ್ತು ತಮ್ಮನ ಜಂಟಿ ಹೆಸರಿನಲ್ಲಿದೆ. ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮನೆ ಕಟ್ಟಲು ಒಬ್ಬ ಕಂಟ್ರಾಕ್ಟರ್‌ಗೆ ಒಪ್ಪಿಸಬೇಕು ಅಂತಿದ್ದೇವೆ. "ಕಟ್ಟಡದ ಲೈಸೆನ್ಸ್ ನಾವೇ ಮಾಡಿಸ್ತೀವಿ ಅಕ್ಕ, ಕ್ರಯಪತ್ರ, ಆಧಾರ್, ಪ್ಯಾನ್ ಎಲ್ಲಾ ವಾಟ್ಸಾಪ್‌ಗೆ ಹಾಕ್ಬಿಡಿ" ಅಂತಾರೆ ಅವರು. ತಮ್ಮನಿಗೆ ವಾಟ್ಸಾಪ್ ಮೇಲೆ ನಂಬಿಕೆ ಇಲ್ಲ. "ನಾನು ಫ್ಯಾಕ್ಸ್ ಮಾಡ್ತೀನಿ, ಅದೇ ಸೇಫ್. ಲೈಸೆನ್ಸ್ ಹೇಗಿದ್ರೂ ಕಂಟ್ರಾಕ್ಟರ್ ಜವಾಬ್ದಾರಿ, ನೀನು ತಲೆ ಕೆಡಿಸ್ಕೋಬೇಡ" ಅಂತಾನೆ. ನಾಳೆ ಪಾಲಿಕೆಯಿಂದ ನೋಟಿಸ್ ಬಂದರೆ ಯಾರಿಗೆ ಬರುತ್ತೆ? ಕಾಗದಗಳನ್ನು ಯಾವ ರೀತಿ ಕಳಿಸಿದರೆ ಒಳ್ಳೆಯದು?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ನಿಮಗೇ ಬರುತ್ತೆ. ನಿಮಗೂ, ನಿಮ್ಮ ತಮ್ಮನಿಗೂ. ಕಂಟ್ರಾಕ್ಟರ್‌ಗೂ ಒಂದು ಪ್ರತಿ ಹೋಗಬಹುದು. ಆದರೆ ಅವರು ಅಷ್ಟೊತ್ತಿಗೆ ಕ್ಯಾತಸಂದ್ರದಲ್ಲೋ ಗೂಳೂರಿನಲ್ಲೋ ಇನ್ನೊಂದು ಪಾಯ ತೋಡಿಸುತ್ತಿರುತ್ತಾರೆ.

ನಿಮ್ಮ ತಮ್ಮ ಹೇಳಿದ್ದು ಸುಮ್ನೆ ಮಾತಲ್ಲ, ಅವರಿರುವ ಊರಿನಲ್ಲಿ ಅದು ನಿಜ. ಕ್ಯಾಲಿಫೋರ್ನಿಯಾದಲ್ಲಿ ಮನೆ ಕಟ್ಟುವ ಕಂಟ್ರಾಕ್ಟರ್‌ಗೇ ರಾಜ್ಯ ಸರ್ಕಾರದ ಮಂಡಳಿ ಲೈಸೆನ್ಸ್ ಕೊಡುತ್ತದೆ. ಕಟ್ಟಡದ ಪರ್ಮಿಟ್, ಅಂದರೆ ನಾವು ಕಟ್ಟಡದ ಲೈಸೆನ್ಸ್ ಅನ್ನುವುದು, ಇಲ್ಲದೆ ಕೆಲಸ ಶುರು ಮಾಡಿದರೆ ಆ ಮಂಡಳಿ ಅವನ ಮೇಲೆ ಕ್ರಮ ಕೈಗೊಳ್ಳಬಹುದು. ಹಾಗಾಗಿ ಅಲ್ಲಿ ಪರ್ಮಿಟ್ ತೆಗೆಸುವುದು ಸಾಮಾನ್ಯವಾಗಿ ಕಂಟ್ರಾಕ್ಟರ್ ಕೆಲಸ. "ಪರ್ಮಿಟ್ ನಿಮ್ಮ ಹೆಸರಿನಲ್ಲೇ ತಗೊಳ್ಳಿ, ನಿಮಗೆ ದುಡ್ಡು ಉಳಿಯುತ್ತೆ" ಅಂತ ಕಂಟ್ರಾಕ್ಟರ್ ಹೇಳಿದರೆ ಅಲ್ಲಿಯ ಜನ ಅನುಮಾನ ಪಡುತ್ತಾರೆ. ಯಾಕೆಂದರೆ ಹಾಗೆ ತೆಗೆದುಕೊಂಡ ಮಾಲೀಕನೇ ಕಟ್ಟುವವನೂ ಆಗಿಬಿಡುತ್ತಾನೆ, ಹೊಣೆಯೆಲ್ಲ ಅವನ ತಲೆಗೆ.

ನಮ್ಮಲ್ಲಿ ಖಾಸಗಿ ಮನೆ ಕಟ್ಟುವ ಕಂಟ್ರಾಕ್ಟರ್‌ಗೆ ಅಂಥ ಲೈಸೆನ್ಸೇ ಬೇಕಿಲ್ಲ. ಲೋಕೋಪಯೋಗಿ ಇಲಾಖೆ ಕೊಡುವ ದರ್ಜೆಗಳು ಸರ್ಕಾರಿ ಟೆಂಡರ್‌ಗೆ. ನಿಮ್ಮ ಮನೆಯ ಮಟ್ಟಿಗೆ, ನಿನ್ನೆವರೆಗೆ ಗಾರೆ ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ಇವತ್ತು ವಿಸಿಟಿಂಗ್ ಕಾರ್ಡ್ ಹೊಡೆಸಿ ಕಂಟ್ರಾಕ್ಟರ್ ಆಗಬಹುದು. ಅವರಲ್ಲಿ ಒಳ್ಳೆಯವರು ಎಷ್ಟೋ ಜನ ಇದ್ದಾರೆ, ಅದು ಬೇರೆ ಮಾತು. ಆದರೆ ಕಳೆದುಕೊಳ್ಳುವಂಥ ಲೈಸೆನ್ಸ್ ಅವರ ಹತ್ತಿರ ಇಲ್ಲ. ಅರ್ಜಿ ನಿಮ್ಮ ಹೆಸರಿನಲ್ಲಿ ಹೋಗುತ್ತೆ. ಶುಲ್ಕದ ಚಲನ್ ನಿಮ್ಮ ಹೆಸರಿನಲ್ಲಿ ಬರುತ್ತೆ. ಪರವಾನಗಿ ಪತ್ರವೂ ನಿಮ್ಮ ಹೆಸರಿಗೇ.

ಕಾನೂನು ಏನನ್ನುತ್ತೆ ಅಂತ ಎರಡು ಮಾತು. ತುಮಕೂರು ಮಹಾನಗರ ಪಾಲಿಕೆಯಾದ್ದರಿಂದ ಇಲ್ಲಿ ನಡೆಯುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಅದರ 299ನೇ ಕಲಂ ಪ್ರಕಾರ ಕಟ್ಟಡ ಕಟ್ಟಲು ಇಚ್ಛಿಸುವವರು ಸೈಟ್ ನಕ್ಷೆ, ಕಟ್ಟಡದ ನಕ್ಷೆ ಎಲ್ಲ ಇಟ್ಟು ಆಯುಕ್ತರಿಗೆ ಅರ್ಜಿ ಹಾಕಬೇಕು. ಅನುಮತಿ ಇಲ್ಲದೆ, ಅಥವಾ ಕೊಟ್ಟ ನಕ್ಷೆ ಬಿಟ್ಟು ಕಟ್ಟಿದರೆ 321ನೇ ಕಲಂ ಬರುತ್ತೆ. ಮೊದಲು ತಾತ್ಕಾಲಿಕ ಆದೇಶ, ಜೊತೆಗೆ ಕಾರಣ ಕೇಳಿ ನೋಟಿಸ್, ಉತ್ತರ ಸರಿ ಕಾಣದಿದ್ದರೆ ಆದೇಶ ಖಾಯಂ. ಅದು "ಮಾಲೀಕ ಅಥವಾ ಕಟ್ಟುವವನು" ಅನ್ನುತ್ತದೆ. "ಅಥವಾ" ಅಂತ ಇದೆಯಲ್ಲ, ಕಂಟ್ರಾಕ್ಟರ್ ಇದ್ದಾನೆ ಅಂತ ಮಾಲೀಕ ತಪ್ಪಿಸಿಕೊಳ್ಳುವ ಹಾಗಿಲ್ಲ. ಚಿಕ್ಕಬಳ್ಳಾಪುರದ ನಗರಸಭೆಯಂಥ ಕಡೆ 1964ರ ಪುರಸಭೆಗಳ ಕಾಯ್ದೆ, ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ. ಕಲಂ ನಂಬರ್ ಬದಲಾಗುತ್ತೆ, ಹೊಣೆ ಬದಲಾಗಲ್ಲ. ನಿಮ್ಮ ಸೈಟ್ ಪಾಲಿಕೆ ಗಡಿಯೊಳಗಿದೆಯಾ, ಪಂಚಾಯಿತಿಗೆ ಸೇರಿದ್ದಾ, ನಗರಾಭಿವೃದ್ಧಿ ಪ್ರಾಧಿಕಾರದ (ಟೂಡಾ) ಬಡಾವಣೆಯಾ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಊರಂಚಿನ ಬಡಾವಣೆಗಳಲ್ಲಿ ಜನ ಎಡವುವುದೇ ಇಲ್ಲಿ.

ಇನ್ನು "ನಾವೇ ಮಾಡಿಸ್ತೀವಿ" ಅನ್ನುವ ಮಾತಿನ ಒಳಗೆ ಏನಿರುತ್ತೆ ನೋಡಿ. ಕಂಟ್ರಾಕ್ಟರ್ ನಿಮ್ಮ ಕಾಗದಗಳನ್ನು ಪರಿಚಯದ ಎಂಜಿನಿಯರ್‌ಗೆ ಕಳಿಸುತ್ತಾರೆ. ಎಂಜಿನಿಯರ್ ಆಫೀಸಿನ ಹುಡುಗ ಅದನ್ನು ಆನ್‌ಲೈನ್ ಅರ್ಜಿಗೆ ಹಾಕುತ್ತಾನೆ. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದ ಕಡೆ ತನ್ನದೇ ನಂಬರ್ ಬರೆಯುತ್ತಾನೆ, ಒಟಿಪಿಗೆ ನಿಮಗೆ ಫೋನ್ ಮಾಡುವ ರಗಳೆ ಬೇಡ ಅಂತ. ಅಲ್ಲಿಗೆ ಮುಗಿಯಿತು. ಪಾಲಿಕೆಯಿಂದ ಆಕ್ಷೇಪಣೆ ಬಂದರೂ ನಿಮಗೆ ಗೊತ್ತಾಗಲ್ಲ, ಶುಲ್ಕ ಎಷ್ಟು ಅಂತಲೂ ಗೊತ್ತಾಗಲ್ಲ, ಅರ್ಜಿ ತಿರಸ್ಕಾರವಾದರೂ ಗೊತ್ತಾಗಲ್ಲ. "ಆಗ್ತಿದೆ ಅಕ್ಕ, ಸಾಹೇಬ್ರು ರಜಾ ಹಾಕಿದ್ದಾರೆ" ಅನ್ನುವ ಮಾತು ಮಾತ್ರ ವಾರಕ್ಕೊಮ್ಮೆ ಕಿವಿಗೆ ಬೀಳುತ್ತೆ. ಹಾಗಾಗಿ ನನ್ನದು ಒಂದೇ ಹಟ. ಅರ್ಜಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಇರಲಿ. ಕೆಲಸವನ್ನು ಯಾರು ಬೇಕಾದರೂ ಮಾಡಲಿ, ಮೆಸೇಜ್ ನಿಮಗೆ ಬರಲಿ.

ಇನ್ನೊಂದು ಸಮಸ್ಯೆ ಲೈಸೆನ್ಸ್ ಬಂದ ಮೇಲೆ ಶುರುವಾಗುತ್ತೆ. ಒಂದು ಮನೆ ಹೇಳುತ್ತೇನೆ, ಊರು ಬೇಡ. ನಕ್ಷೆ ನಾನೇ ಬರೆದದ್ದು. ಮುಂದೆ, ಹಿಂದೆ, ಪಕ್ಕ ಎಷ್ಟು ಜಾಗ ಬಿಡಬೇಕೋ ಅಷ್ಟು ಬಿಟ್ಟು, ಮೆಟ್ಟಿಲು ಒಳಗೆ ಇಟ್ಟಿದ್ದೆ. ಅನುಮೋದನೆಯೂ ಆಯಿತು. ಗುದ್ದಲಿ ಪೂಜೆಗೆ ಬಂದ ವಾಸ್ತು ನೋಡುವವರು ಮೆಟ್ಟಿಲು ಅಲ್ಲಿ ಬೇಡ, ನೈಋತ್ಯಕ್ಕೆ ಬರಲಿ ಅಂದರು. ವಾಸ್ತು ಲೆಕ್ಕದ ಅಳತೆ, ಅಂದರೆ ಆಯ, ಕೂಡಿ ಬರಲಿ ಅಂತ ಹಾಲ್ ಒಂಬತ್ತು ಇಂಚು ಹಿಗ್ಗಿತು. ಮೇಸ್ತ್ರಿ ಹೊಸ ಅಳತೆಯನ್ನು ಸಿಮೆಂಟ್ ಚೀಲದ ಮೇಲೆ ಪೆನ್ಸಿಲ್‌ನಲ್ಲಿ ಗೀಚಿಕೊಂಡರು. ಮೆಟ್ಟಿಲು ಹೋಗಿ ಕೂತದ್ದು ಪಕ್ಕದ ಸೆಟ್‌ಬ್ಯಾಕ್ ಜಾಗದಲ್ಲಿ. ಅನುಮೋದನೆಯಾದ ನಕ್ಷೆ ಬೀರುವಿನಲ್ಲಿ ಮಡಿಚಿಟ್ಟಿತ್ತು, ಮನೆ ಚೀಲದ ಮೇಲಿನ ನಕ್ಷೆಯಂತೆ ಎದ್ದಿತು. ಮೋಲ್ಡ್ ಹಾಕಿದ ಮೇಲೆ ಪಕ್ಕದ ಮನೆಯವರು ದೂರು ಕೊಟ್ಟರು. ನನ್ನದೂ ತಪ್ಪಿತ್ತು. ಪಾಯದ ಹಂತದಲ್ಲಿ ಒಮ್ಮೆ ಹೋಗಿ ಟೇಪ್ ಹಿಡಿದಿದ್ದರೆ ಅರ್ಧ ದಿನದ ಕೆಲಸದಲ್ಲಿ ಸರಿಹೋಗುತ್ತಿತ್ತು. ವಾಸ್ತು ನೋಡಿಸಲೇಬೇಕು ಅಂತಿದ್ದರೆ ದಯವಿಟ್ಟು ಅರ್ಜಿ ಹಾಕುವ ಮೊದಲೇ ನೋಡಿಸಿ.

"ಆಮೇಲೆ ದಂಡ ಕಟ್ಟಿ ಸಕ್ರಮ ಮಾಡಿಸಿದರಾಯ್ತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದಾದ ಮೇಲೆ 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಅದೇ ಕೋರ್ಟ್ ಇಡೀ ದೇಶಕ್ಕೆ ಅನ್ವಯವಾಗುವ ನಿರ್ದೇಶನಗಳನ್ನು ಕೊಟ್ಟಿತು. ಕೆಲಸ ನಡೆಯುವಷ್ಟು ದಿನವೂ ಅನುಮೋದಿತ ನಕ್ಷೆಯನ್ನು ಸೈಟಿನಲ್ಲಿ ಕಾಣುವ ಹಾಗೆ ಹಾಕಬೇಕು. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ (ಸಿಸಿ) ಅಥವಾ ವಾಸಕ್ಕೆ ಒಪ್ಪಿಗೆ ಕೊಡುವ ಪ್ರಮಾಣಪತ್ರ (ಒಸಿ) ನೋಡಿದ ಮೇಲೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಸ್ಕಾಂ ಕೆಳಗೆ ಬರುತ್ತವೆ. 2025ರಲ್ಲಿ ಇದರಿಂದ ಎಷ್ಟು ಜನ ಮೀಟರ್‌ಗಾಗಿ ಅಲೆದರು ಅಂತ ನಿಮ್ಮ ಬೀದಿಯಲ್ಲೇ ಕೇಳಿ ನೋಡಿ. ಚಿಕ್ಕ ಮನೆಗಳಿಗೆ ವಿನಾಯಿತಿಯ ಮಾತು ಆಗಾಗ ಬರುತ್ತಿರುತ್ತದೆ. ನಿಮ್ಮ ಸೈಟಿಗೆ ಈಗ ಯಾವ ನಿಯಮ ಅಂತ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಹಾಗಾದರೆ ಕಂಟ್ರಾಕ್ಟರ್‌ಗೆ ಏನೂ ಹೊಣೆ ಇಲ್ವಾ? ಇದೆ, ಆದರೆ ಅದು ಪಾಲಿಕೆ ಎದುರಿಗಿಂತ ಹೆಚ್ಚಾಗಿ ನಿಮ್ಮ ಎದುರು. ಅದೂ ಬರೆದುಕೊಂಡರೆ. ಚದರಕ್ಕೆ ಇಷ್ಟು ಅಂತ ಬಾಯಿಮಾತಿನಲ್ಲಿ ಒಪ್ಪಿ ಮುಂಗಡ ಕೊಟ್ಟುಬಿಡಬೇಡಿ. ಕರಾರು ಪತ್ರದಲ್ಲಿ ಲೈಸೆನ್ಸ್ ಬಗ್ಗೆಯೇ ಒಂದು ಪ್ಯಾರಾ ಇರಲಿ: ಅರ್ಜಿ ಹಾಕಿಸುವುದು ಯಾರು, ಪಾಲಿಕೆಯ ಶುಲ್ಕ ಮತ್ತು ಕಾರ್ಮಿಕ ಸೆಸ್ ಯಾರ ಲೆಕ್ಕಕ್ಕೆ, ಎಂಜಿನಿಯರ್ ಫೀಸು ಇದರಲ್ಲಿ ಸೇರಿದೆಯಾ ಇಲ್ವಾ, ಪರವಾನಗಿ ಪತ್ರ ನಿಮ್ಮ ಕೈಗೆ ಬರುವವರೆಗೆ ಪಾಯ ತೋಡುವ ಹಾಗಿಲ್ಲ, ನಕ್ಷೆಯಿಂದ ಆಚೆ ಹೋಗಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಒಪ್ಪಿಗೆ ಇಲ್ಲದೆ ಆಚೆ ಹೋಗಿ ದಂಡ ಬಿದ್ದರೆ ಅಥವಾ ಒಡೆಯಬೇಕಾಗಿ ಬಂದರೆ ಖರ್ಚು ಅವರದು. ಕೊನೆಯ ಕಂತಿನ ಹಣ ಒಸಿ ಬರುವವರೆಗೆ ನಿಮ್ಮ ಹತ್ತಿರವೇ ಇರಲಿ. ಇಷ್ಟು ಬರೆಯಿಸಿದರೆ ಒಳ್ಳೆಯ ಕಂಟ್ರಾಕ್ಟರ್ ಬೇಜಾರು ಮಾಡಿಕೊಳ್ಳಲ್ಲ. "ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕ?" ಅಂತ ಮುಖ ಸಣ್ಣ ಮಾಡಿಕೊಂಡರೆ ನೀವು ಸ್ವಲ್ಪ ಯೋಚನೆ ಮಾಡಿ.

ಹಣ ತಗೊಂಡು ಕೆಲಸ ಕೆಡಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಮನೆ ಕಟ್ಟಿಕೊಡುವುದೂ ಅದರಲ್ಲಿ ಒಂದು ಸೇವೆ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಆದರೆ ಅಲ್ಲಿ ಮೊದಲು ಕೇಳುವುದು ಕರಾರು ಪತ್ರ ಮತ್ತು ಹಣ ಕೊಟ್ಟ ದಾಖಲೆ. ಒಂದು ಮಾತು ನೆನಪಿರಲಿ. ಬಿಲ್ಡರ್ ಹತ್ತಿರ ಫ್ಲ್ಯಾಟ್ ಕೊಳ್ಳುವವರ ಕಥೆ ಬೇರೆ. ಅಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ ಒಸಿ ತರುವ ಹೊಣೆಯನ್ನು ಬಿಲ್ಡರ್ ಮೇಲೇ ಹಾಕಿದೆ. ಅದನ್ನು ಕೇಳಿಕೊಂಡು ಬಂದು ಸ್ವಂತ ಸೈಟಿನ ಮನೆಗೂ ಹಾಗೇ ಅಂದುಕೊಳ್ಳುವವರು ಜಾಸ್ತಿ.

ಈಗ ಫ್ಯಾಕ್ಸ್ ವಿಷಯಕ್ಕೆ ಬರೋಣ. ಬಹಳ ದಿನದ ಮೇಲೆ ಈ ಪದ ಕೇಳಿ ಖುಷಿಯಾಯಿತು. ಎಂ.ಜಿ. ರಸ್ತೆ ಕಡೆಯ ಎಸ್‌ಟಿಡಿ ಬೂತ್‌ಗಳ ಮುಂದೆ "ಜೆರಾಕ್ಸ್, ಫ್ಯಾಕ್ಸ್" ಅಂತ ಹಳದಿ ಬೋರ್ಡ್ ಇದ್ದ ಕಾಲದಲ್ಲಿ ನಾನೂ ಪುಟಕ್ಕೆ ಇಷ್ಟು ಅಂತ ಕೊಟ್ಟು ಬೆಂಗಳೂರಿಗೆ ನಕ್ಷೆ ಕಳಿಸಿದವನೇ. ಒಂದು ಸಲ ನಂಬರ್‌ನಲ್ಲಿ ಒಂದು ಅಂಕಿ ತಪ್ಪಿ ಒತ್ತಿದೆ. ಯಾರದೋ ಕ್ರಯಪತ್ರದ ನಾಲ್ಕು ಪುಟ ಯಾವುದೋ ಬಟ್ಟೆ ಅಂಗಡಿಗೆ ಹೋಯಿತು. ಅವರು ಪುಣ್ಯಾತ್ಮರು, ತಿರುಗಿ ಫೋನ್ ಮಾಡಿ "ಹರಿದು ಹಾಕಲಾ, ಇಟ್ಕೊಂಡಿರಲಾ?" ಅಂತ ಕೇಳಿದರು.

ಫ್ಯಾಕ್ಸ್ ಸೇಫ್ ಅನ್ನುವ ಮಾತಿಗೆ ಕಾರಣ ಇದೆ. ಹಳೆ ಫ್ಯಾಕ್ಸ್ ಟೆಲಿಫೋನ್ ತಂತಿಯಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರ ಹೋಗುತ್ತೆ, ನಡುವೆ ಯಾವ ಕಂಪನಿಯ ಸರ್ವರ್‌ನಲ್ಲೂ ಕೂರುವುದಿಲ್ಲ. ಅಮೆರಿಕದ ಆಸ್ಪತ್ರೆ, ವಕೀಲರ ಕಚೇರಿಗಳಲ್ಲಿ ಅದಿನ್ನೂ ಓಡುತ್ತಿದೆ. ಆದರೆ ಆ ಕಡೆ ಕಾಗದ ಟ್ರೇಯಲ್ಲಿ ಬಿದ್ದಿರುತ್ತೆ, ಮೊದಲು ನೋಡಿದವನ ಕೈಗೆ ಅದು. ರಿಬ್ಬನ್ ಹಾಕುವ ಯಂತ್ರವಾದರೆ ಇನ್ನೂ ತಮಾಷೆ. ಮುಗಿದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿದರೆ ಬಂದ ಪುಟಗಳ ಅಕ್ಷರವೆಲ್ಲ ಅದರಲ್ಲಿ ಬೆಳ್ಳಗೆ ಓದಲು ಸಿಗುತ್ತೆ. ನುಣುಪು ಕಾಗದದ ಯಂತ್ರವಾದರೆ ಅಚ್ಚು ಬರಬರುತ್ತಾ ಅಳಿಸಿಹೋಗುತ್ತೆ, ಬಸ್ ಟಿಕೆಟ್ ಥರ. ಇನ್ನು ನಿಮ್ಮ ತಮ್ಮ ಬಳಸುವುದು ಬಹುಶಃ ಇಂಟರ್ನೆಟ್ ಫ್ಯಾಕ್ಸ್ ಇರಬೇಕು. ಅದು ಕಂಪನಿಯ ಸರ್ವರ್‌ಗೆ ಹೋಗಿ, ಪಿಡಿಎಫ್ ಆಗಿ, ಇಮೇಲ್‌ಗೆ ಬಂದು ಬೀಳುತ್ತೆ. ಇಮೇಲ್‌ಗೂ ಅದಕ್ಕೂ ಹೆಸರೊಂದೇ ಬೇರೆ. ಹೇಗಿದ್ದರೂ ಇಲ್ಲಿ ಅದನ್ನು ತೆಗೆದುಕೊಳ್ಳುವವರು ಯಾರು? ಅರ್ಜಿ ಆನ್‌ಲೈನ್. ಅದಕ್ಕೆ ಬೇಕಾದ್ದು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್.

ವಾಟ್ಸಾಪ್ ಬಗ್ಗೆಯೂ ತಮ್ಮನ ಭಯ ಅರ್ಧ ಸರಿ. 2016ರಿಂದ ಅದರ ಮೆಸೇಜ್‌ಗಳು ಈ ತುದಿಯಿಂದ ಆ ತುದಿಗೆ ಬೀಗ ಹಾಕಿಕೊಂಡೇ ಹೋಗುತ್ತವೆ. ದಾರಿಯಲ್ಲಿ ಯಾರೂ ಬಿಚ್ಚಿ ಓದುವುದಿಲ್ಲ. ತೊಂದರೆ ಇರುವುದು ಆ ತುದಿಯಲ್ಲಿ. ಕಂಟ್ರಾಕ್ಟರ್ ಫೋನಿನ ಗ್ಯಾಲರಿಯಲ್ಲಿ ಕಬ್ಬಿಣದ ಬಿಲ್ಲು, ಮೊಮ್ಮಗಳ ನಾಮಕರಣದ ಫೋಟೋ, ನಿಮ್ಮ ಆಧಾರ್ ಎಲ್ಲ ಒಟ್ಟಿಗೆ ಇರುತ್ತವೆ. ಸಂಜೆ ಮಗ ಅದೇ ಫೋನಿನಲ್ಲಿ ಗೇಮ್ ಆಡುತ್ತಾನೆ. ಎಂಜಿನಿಯರ್‌ಗೆ ಕಳಿಸಬೇಕಾದ್ದನ್ನು ಅವಸರದಲ್ಲಿ ಸೆಂಟ್ರಿಂಗ್ ಕೆಲಸದವರ ಗ್ರೂಪಿಗೆ ಕಳಿಸುವುದೂ ಉಂಟು. ಫ್ಯಾಕ್ಸ್ ಟ್ರೇಗೂ ಇದಕ್ಕೂ ಹೆಚ್ಚಿನ ಫರಕಿಲ್ಲ.

ಕ್ರಯಪತ್ರದ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ನಿಮ್ಮ ಕ್ರಯಪತ್ರವನ್ನು ಒಮ್ಮೆ ತೆಗೆದು ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುದ್ರೆ ಇರುವ ಪುಟದಲ್ಲಿ ಫೋಟೋ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು, ಅದರ ಪಕ್ಕ ಸಹಿ. ಎಷ್ಟೋ ಪತ್ರಗಳಲ್ಲಿ ಆಧಾರ್, ಪ್ಯಾನ್ ನಂಬರ್ ಕೂಡ ಬರೆದಿರುತ್ತೆ. ಒಬ್ಬ ಮನುಷ್ಯನ ಎಲ್ಲ ಗುರುತೂ ಒಂದೇ ಕಡೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ, ಒಟಿಪಿಯೂ ಬಾರದೆ, ಆಧಾರ್ ಆಧಾರಿತ ಪಾವತಿ ಮೂಲಕ ಹಣ ಹೋಯಿತು ಅಂತ ದೂರುಗಳ ಮೇಲೆ ದೂರು ಬಂದವು. ಪತ್ರದ ಮೇಲಿನ ಬೆರಳಚ್ಚೇ ದುರ್ಬಳಕೆಯಾಗಿದೆ ಅನ್ನುವ ಅನುಮಾನ ಆಗ ಎದ್ದದ್ದು. ಆದ್ದರಿಂದ ನೀವೂ, ತಮ್ಮನೂ ಇವತ್ತೇ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಬೇಕಾದಾಗ ತೆಗೆಯಬಹುದು, ದುಡ್ಡು ಕೊಡಬೇಕಿಲ್ಲ.

ನಿಜಕ್ಕೂ ಕಂಟ್ರಾಕ್ಟರ್‌ಗೆ ನಿಮ್ಮ ಕ್ರಯಪತ್ರ ಯಾಕೆ ಬೇಕು ಹೇಳಿ? ಗೋಡೆ ಕಟ್ಟಲು ಬೇಕಿರುವುದು ಅನುಮೋದಿತ ನಕ್ಷೆ, ಕಬ್ಬಿಣದ ಡ್ರಾಯಿಂಗ್, ಪರವಾನಗಿ ಪತ್ರದ ಪ್ರತಿ. ಕ್ರಯಪತ್ರ, ಇ-ಖಾತೆ, ಕಂದಾಯ ರಸೀದಿ, ಋಣಭಾರ ಪ್ರಮಾಣಪತ್ರ (ಇಸಿ), ಗುರುತಿನ ಚೀಟಿ ಬೇಕಿರುವುದು ಅರ್ಜಿ ಹಾಕುವ ಎಂಜಿನಿಯರ್‌ಗೆ. ಅವರನ್ನು ನೀವೇ ನೇರವಾಗಿ ಗೊತ್ತುಮಾಡಿಕೊಳ್ಳಿ. ಕಂಟ್ರಾಕ್ಟರ್ ಪರಿಚಯದವರೇ ಆದರೂ ಪರವಾಗಿಲ್ಲ, ಒಂದು ಸಲ ಆಫೀಸಿಗೆ ಹೋಗಿ ಮುಖ ನೋಡಿ ಮಾತಾಡಿ. ಪಾಲಿಕೆಯಲ್ಲಿ ನೋಂದಣಿ ಇದೆಯಾ ಅಂತ ಕೇಳಿ. ಕಾಗದವನ್ನು ಪೆನ್ ಡ್ರೈವ್‌ನಲ್ಲಿ ತಗೊಂಡು ಹೋಗಿ ನಿಮ್ಮೆದುರೇ ಅಪ್‌ಲೋಡ್ ಮಾಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಶಿರಾ ಗೇಟಿನಿಂದ ಎಷ್ಟು ದೂರ ಆಗುತ್ತೆ, ಅಲ್ವಾ?

ಕಳಿಸಲೇಬೇಕಾದರೆ ಆಧಾರ್‌ಗೆ ಮಾಸ್ಕ್ ಮಾಡಿದ ಪ್ರತಿ ಕೊಡಿ. ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಅದು ಸಾಲದು ಅಂತ ಕಚೇರಿಯವರು ಹೇಳಿದರೆ ಆಗ ನೋಡೋಣ. ಉಳಿದ ಪ್ರತಿಗಳ ಮೇಲೆ ಅಡ್ಡಲಾಗಿ "ಕಟ್ಟಡ ಪರವಾನಗಿ ಅರ್ಜಿಗೆ ಮಾತ್ರ" ಅಂತ ಬರೆದು ದಿನಾಂಕ ಹಾಕಿ ಸಹಿ ಮಾಡಿ, ಅಕ್ಷರದ ಮೇಲೆ ಹಾಯುವ ಹಾಗೆ. ಬದಿಯಲ್ಲಿ ಬರೆದರೆ ಕತ್ತರಿಸುವುದು ಸುಲಭ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ ಇಮೇಲ್ ಮಾಡಿ, ಪಾಸ್‌ವರ್ಡನ್ನು ಫೋನ್ ಮಾಡಿ ಬಾಯಲ್ಲಿ ಹೇಳಿ. ಅದೇ ಇಮೇಲ್‌ನಲ್ಲಿ ಪಾಸ್‌ವರ್ಡ್ ಬರೆಯುವುದು ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿ ಹೋದ ಹಾಗೆ.

ಜೆರಾಕ್ಸ್ ಅಂಗಡಿಯಲ್ಲಿ ಇನ್ನಷ್ಟು ಜೋಪಾನ. "ಈ ನಂಬರ್‌ಗೆ ವಾಟ್ಸಾಪ್ ಮಾಡಿ" ಅಂತ ಗೋಡೆಗೆ ಅಂಟಿಸಿರುತ್ತಾರೆ. ಆ ಕಂಪ್ಯೂಟರ್ ಪರದೆಯನ್ನೊಮ್ಮೆ ಇಣುಕಿ ನೋಡಿ, ಬೆಳಗ್ಗಿನಿಂದ ಬಂದವರ ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಎಲ್ಲ ಸಾಲಾಗಿ ಕೂತಿರುತ್ತವೆ. ಪ್ರಿಂಟ್ ಆದ ಮೇಲೆ ನಿಮ್ಮ ಫೈಲನ್ನು ಎದುರೇ ಅಳಿಸಲು ಹೇಳಿ. ಹುಡುಗ ಗೊಣಗಿದರೆ ಗೊಣಗಲಿ. ಏನಾದರೂ ಹೆಚ್ಚುಕಮ್ಮಿಯಾಗಿ ಖಾತೆಯಿಂದ ಹಣ ಹೋದರೆ ಬ್ಯಾಂಕಿಗೆ ಓಡುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಬೇಡಿ.

ಕೊನೆಯದಾಗಿ ತಮ್ಮನ ಸಹಿ. ಜಂಟಿ ಖಾತೆಯಾದ್ದರಿಂದ ಅರ್ಜಿಗೆ ಇಬ್ಬರದ್ದೂ ಬೇಕು. ಪ್ರತಿ ಸಲ ಅವರು ಬರುವುದು ಆಗದ ಮಾತು, ಹಾಗಾಗಿ ನಿಮ್ಮ ಹೆಸರಿಗೆ ಅಧಿಕಾರ ಪತ್ರ, ಅದೇ ಜಿಪಿಎ, ಬರೆದುಕೊಡಲಿ. ಮಾರುವ ಅಧಿಕಾರ ಅದರಲ್ಲಿ ಬೇಡ. ಪರವಾನಗಿ ಪಡೆಯಲು, ಕಟ್ಟಿಸಲು, ಸಂಪರ್ಕಗಳಿಗೆ ಅರ್ಜಿ ಹಾಕಲು ಇಷ್ಟಕ್ಕೆ ಸೀಮಿತವಾಗಿರಲಿ. ಅಕ್ಕ-ತಮ್ಮನ ನಡುವೆ ಕೂಡ ಹೀಗೆ ಬರೆದಿಟ್ಟರೆ ಮುಂದೆ ಯಾರಿಗೂ ಮನಸ್ಸು ಕೆಡಲ್ಲ. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಅಥವಾ ನೋಟರಿ ಎದುರು ಸಹಿ ಮಾಡಿ ದೃಢೀಕರಿಸಬೇಕು. ನೋಟರಿ ಆದರೆ ಅಪಾಸ್ಟಿಲ್ ಮುದ್ರೆಯೂ ಇರಲಿ, ಅಂದರೆ ಆ ಪತ್ರ ಬೇರೆ ದೇಶದಲ್ಲೂ ಮಾನ್ಯವಾಗಲಿ ಅಂತ ಅಲ್ಲಿನ ಸರ್ಕಾರ ಹಾಕುವ ಮುದ್ರೆ. ಇದನ್ನು ಫ್ಯಾಕ್ಸ್ ಮಾಡಿ, ವಾಟ್ಸಾಪ್ ಮಾಡಿ, ಏನೂ ಪ್ರಯೋಜನವಿಲ್ಲ. ಮಸಿ ಸಹಿ ಇರುವ ಮೂಲ ಪತ್ರವೇ ಕೊರಿಯರ್‌ನಲ್ಲಿ ಬರಬೇಕು. ಬಂದ ಮೇಲೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅದಕ್ಕೆ ಮೂರು ತಿಂಗಳು ಸಮಯ, ಲೆಕ್ಕ ಹಿಡಿಯುವುದು ಅವರು ಸಹಿ ಮಾಡಿದ ದಿನದಿಂದಲ್ಲ, ಪತ್ರ ರಾಜ್ಯಕ್ಕೆ ಬಂದು ತಲುಪಿದ ದಿನದಿಂದ. ಹಾಗಾಗಿ ಕೊರಿಯರ್ ಕವರನ್ನು ಬಿಸಾಡಬೇಡಿ. ತಲುಪಿದ ದಿನಾಂಕ ತೋರಿಸಿ ಅಂತ ಕೌಂಟರಿನಲ್ಲಿ ಕೇಳಿದಾಗ ನಿಮ್ಮ ಕೈಲಿರುವುದು ಅದೊಂದೇ.